ರೈಲಿನ ಸಿನೆಮಾ ಮುಗಿದದ್ದು ಹೇಗೆ

ಮುಕಾಶಣ್ಣನಿಗೆ ಯಾವ ಸಿನೆಮಾವೂ ಹಿಡಿಸುವುದಿಲ್ಲ, ಆದರೆ ಒಂದನ್ನೂ ಬಿಡುವುದಿಲ್ಲ. ಆ ಶನಿವಾರ ನಮ್ಮ ಮನೆಯ ಸರದಿ. ನಾನು ಬೋರ್ಸೋಕ್ ಹಿಟ್ಟಿನ ಉಂಡೆಗಳನ್ನು ಕರಿದು ತಟ್ಟೆಗೆ ಸುರಿಯುವುದರೊಳಗೆ ಅವನ ದೂರು ಶುರುವಾಗಿತ್ತು.

"ಬಿಶ್ಕೆಕ್‌ನಲ್ಲಿ ಹೊಸ ದೆವ್ವದ ಸಿನೆಮಾ ನೋಡ್ದೆ, ಸಾಯ್ರಾ. ದೆವ್ವ ಬಂದಾಗ ನಿದ್ದೆ ಬಂತು. ಪಕ್ಕದವನ ಫೋನ್ ಹೊಡ್ಕೊಂಡಾಗ ಬೆಚ್ಚಿಬಿದ್ದೆ."

"ನಿದ್ದೆ ಮಾಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮ ನರೀನ್‌ನಲ್ಲಿ ಹಾಸಿಗೆ ಇರ್ಲಿಲ್ವಾ?" ಅಂದೆ.

ಜಿಪಾರ್ ಚಹಾ ಬಟ್ಟಲು ಹಿಡಿದು ನಕ್ಕಳು. ಅವಳು ಬಟ್ಟೆ ಹೊಲಿಯುವವಳು, ನಾನು ಭೂಗೋಳ ಪಾಠ ಹೇಳಿದವಳು, ಮುಕಾಶಣ್ಣ ಬಸ್ಸು ಓಡಿಸಿದವನು. ಮೂವರಿಗೂ ವಯಸ್ಸಾಯಿತು, ಸಿನೆಮಾದ ಹುಚ್ಚು ಮಾತ್ರ ಹಾಗೇ ಇದೆ. ಸರದಿಯ ಮನೆಯವರು ಊಟ ಹಾಕಬೇಕು, ಎಲ್ಲರೂ ಒಂದು ಸಿನೆಮಾ ನೋಡಬೇಕು, ಆಮೇಲೆ ಮನಸಾರೆ ಜಗಳವಾಡಬೇಕು.

ಒಂದು ಜಗಳ ಮಾತ್ರ ಎಂದೂ ತೀರಿರಲಿಲ್ಲ. ಅದು ರೈಲಿನ ಸಿನೆಮಾದ್ದು. ನಾವು ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಸಿನೆಮಾ ಲಾರಿ ಬರುತ್ತಿತ್ತು. ಎರಡು ಗಳಗಳ ನಡುವೆ ಬಿಳಿ ಬಟ್ಟೆ. ಚಿತ್ರ ಇರುತ್ತಿದ್ದದ್ದು ರಷ್ಯನ್‌ನಲ್ಲಿ, ನಮಗೆ ಆಗ ಅದರ ಒಂದಕ್ಷರವೂ ಬಾರದು. ಜಿಪಾರ್‌ಳ ಅಪ್ಪ ಕೆರಿಮ್ ಪರದೆಯ ಪಕ್ಕ ನಿಂತು, ಸದ್ದು ತಗ್ಗಿಸಿ, ಎಲ್ಲ ಪಾತ್ರಗಳ ಮಾತನ್ನೂ ಕಿರ್ಗಿಜ್‌ನಲ್ಲಿ ಹೇಳುತ್ತಿದ್ದ. ಆ ಚಿತ್ರದ ಹೆಸರು ಯಾರಿಗೂ ನೆನಪಿಲ್ಲ. ನಾವು ಮೊದಲು ರೈಲನ್ನು ಕಂಡದ್ದೇ ಅದರಲ್ಲಿ, ಹಾಗಾಗಿ ರೈಲಿನ ಸಿನೆಮಾ.

"ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿತ್ತು," ಅನ್ನುತ್ತಿದ್ದ ಮುಕಾಶಣ್ಣ. ಅವನು ನೋಡಿದ್ದು ಬೇರೆ ಹುಲ್ಲುಗಾವಲಿನಲ್ಲಿ.

"ನಗೋದಾ? ತಾಯಿ ರೈಲಿನ ಕಿಟಕಿಯಿಂದ ಮಗಳಿಗೆ ಹೇಳೋ ಮಾತು ಕೇಳಿ ಹೆಂಗಸರೆಲ್ಲ ಅತ್ತಿದ್ರು!" ಅನ್ನುತ್ತಿದ್ದೆವು ನಾವಿಬ್ಬರು. ಆ ಮಾತು ನಮಗೆ ಬಾಯಿಪಾಠ: *ಬಿಳಿ ಹಂಸ ಹಾರಿತು ಮಗಳೇ, ಮರಳಿ ಬಾರದ ಕೆರೆಗೆ ಹೋಯಿತು. ಗೂಡು ತಣ್ಣಗಾಗದಿರಲಿ, ಮರಿ ಅಪ್ಪನ ರೆಕ್ಕೆಯಡಿ ಇರಲಿ.* ಇಂಥ ಸಂಭಾಷಣೆ ಈಗ ಯಾರು ಬರೆಯುತ್ತಾರೆ ಎಂದು ಹಲುಬದ ಶನಿವಾರವೇ ಇರಲಿಲ್ಲ.

ಮುಕಾಶಣ್ಣ ಹಿಡಿದ ಮೊಲಕ್ಕೆ ಮೂರೇ ಕಾಲು. ಅವತ್ತು ಆ ಚಿತ್ರವನ್ನೇ ಎಲ್ಲಿಂದಲೋ ಹುಡುಕಿ ತಂದಿದ್ದ.

ನೋಡಲು ಕುಳಿತೆವು. ಈಗ ನಮಗೂ ರಷ್ಯನ್ ನೀರು ಕುಡಿದಷ್ಟು ಸಲೀಸು. ಮೊದಲ ದೃಶ್ಯದಲ್ಲೇ ಒಬ್ಬ ದಪ್ಪ ಅಡುಗೆಯವನು ಹಿಟ್ಟಿನ ಪೀಪಾಯಿಯೊಳಗೆ ಬಿದ್ದ. ಮುಕಾಶಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಿಲ್ದಾಣ ಬಂತು, ರೈಲು ಬಂತು, ತಾಯಿ ಕಿಟಕಿಯಿಂದ ಬಗ್ಗಿದಳು.

"ಒಲೆ ಆರಿಸೋದು ಮರೀಬೇಡ. ಬೆಕ್ಕಿಗೆ ಹಾಲಿಡು. ಭಾನುವಾರ ಬಂದ್ಬಿಡ್ತೀನಿ," ಅಂದಳು.

ಅಷ್ಟೇ. ಭಾನುವಾರ ಬಂದೂ ಬಂದಳು. ಬ್ಯಾಂಡು ಬಾರಿಸಿದರು, ಎಲ್ಲರೂ ಕುಣಿದರು.

"ಹೆಂಗೆ?" ಅಂದ ಮುಕಾಶಣ್ಣ. "ನಮ್ಗೂ ಹೇಳಿದ್ದು ಅದೇ ಕೆರಿಮ್ ಚಿಕ್ಕಪ್ಪ. ಬೆಕ್ಕು, ಒಲೆ, ಭಾನುವಾರ, ಎಲ್ಲಾ ಹಾಗ್‌ಹಾಗೇ ಹೇಳಿದ್ರು."

"ನಾವು ಈ ಕುಣಿತ ನೋಡೇ ಇಲ್ವಲ್ಲ," ಅಂದೆ. "ರೈಲು ಹೊರಟಿತು, ಲಾರಿ ಎಂಜಿನ್ ಕೆಟ್ಟಿದೆ ಅಂದ್ರು, ಎಲ್ಲಾ ಕತ್ತಲಾಯ್ತು."

ಜಿಪಾರ್ ನಗಲಿಲ್ಲ. "ಅಕ್ಕಾ, ಆ ಹಂಸದ ಮಾತು ಸಿನೆಮಾದ್ದಲ್ಲ ಅಂದ್ರೆ, ಮತ್ಯಾರದ್ದು?"

ನಮ್ಮಲ್ಲಿ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ. ಮಾತು ಬಲ್ಲವನೊಬ್ಬ ಬಂದು, ಹಕ್ಕಿ, ಕೆರೆ, ಗೂಡು ಎಂದು ಒಗಟಿನಲ್ಲಿ ಹೇಳುತ್ತಾನೆ. ಕೇಳಿದವರು ಅರ್ಥ ಮಾಡಿಕೊಂಡು ಅಳುತ್ತಾರೆ. ಸುತ್ತಲ ಹುಲ್ಲುಗಾವಲುಗಳಲ್ಲಿ ಯಾರು ಸತ್ತರೂ ಆ ಕೆಲಸಕ್ಕೆ ಕರೆಯುತ್ತಿದ್ದದ್ದು ಕೆರಿಮ್‌ನನ್ನೇ.

ಜಿಪಾರ್‌ಳ ತಾಯಿ ತೀರಿಕೊಂಡದ್ದೂ ರೈಲಿನ ಸಿನೆಮಾ ನೋಡಿದ ಆ ಬೇಸಿಗೆಯಲ್ಲೇ, ಊರಿನ ಆಸ್ಪತ್ರೆಯಲ್ಲಿ. ಅದನ್ನು ಅವಳಿಗೆ ಹೇಳಿದ್ದು, ಸಿನೆಮಾದ ಮರುದಿನ, ಹಾಲು ಕರೆಯುವ ಹೆಂಗಸೊಬ್ಬಳು ಬಾಯಿ ತಪ್ಪಿ. "ಊರಿಗೆಲ್ಲ ಹೇಳೋ ಬಾಯಿ ನನ್ನ ಮುಂದೆ ಮಾತ್ರ ತೆರೀಲಿಲ್ಲ," ಎಂದು ಜಿಪಾರ್ ಜೀವಮಾನವಿಡೀ ಅಪ್ಪನ ಮೇಲೆ ಕುದಿದಳು. ಕೆರಿಮ್ ಸತ್ತಾಗ, ಮಗಳಾದವಳು ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟು, ಹಾಡಿ ಅಳಬೇಕಾದಲ್ಲಿ, ತುಟಿ ಬಿಗಿದು ಕುಳಿತಿದ್ದಳು. ಊರು ಆಡಿಕೊಂಡಿತು. ನನಗೂ ಸಿಟ್ಟು ಬಂದಿತ್ತು.

"ಅವತ್ತು ಹೆಂಗಸರು ಅತ್ತಿದ್ದು ಸಿನೆಮಾಕ್ಕಲ್ಲ ಜಿಪಾರ್," ಅಂದೆ. "ನಮ್ಮಜ್ಜಿ ಡೇರೆ ಗೋಡೆ ಕಡೆ ತಿರುಗಿ ಅತ್ತಳು. ನಿಮ್ಮಪ್ಪ ಯಾವಾಗ್ಲೂ ಪರದೆ ನೋಡ್ಕೊಂಡು ಹೇಳೋರು. ಆ ಮಾತಿಗೆ ಮಾತ್ರ ಈ ಕಡೆ ತಿರುಗಿದ್ರು. ನೀನು ಮುಂದೇನೇ ಹುಲ್ಲಿನ ಮೇಲೆ ಕೂತಿದ್ದೆ."

"ನಾನೇನು ಮಾಡ್ತಿದ್ದೆ?"

"ರೈಲಿಗೆ ಕೈ ಬೀಸ್ತಿದ್ದೆ."

ಮುಕಾಶಣ್ಣ ಮೆಲ್ಲಗೆ ಅಂದ: "ತಾಯಿ ವಾಪಸ್ ಬರೋದನ್ನ ಈ ಮಗು ಹೇಗೆ ನೋಡುತ್ತೆ ಅಂತ ಎಂಜಿನ್ ನಿಲ್ಲಿಸಿರ್ಬೇಕು, ಪಾಪ."

"ಹೇಳಿದ್ದ," ಅಂದಳು ಜಿಪಾರ್. "ಎಲ್ಲರ ಎದುರು, ನನಗೇ ಹೇಳಿದ್ದ. ನಂಗೆ ಗೊತ್ತಾಗ್ಲಿಲ್ಲ ಅಕ್ಕಾ. ಸಿನೆಮಾ ಅಂದ್ಕೊಂಡೆ."

ಬಟ್ಟಲನ್ನು ಪಕ್ಕಕ್ಕಿಟ್ಟಳು. ತಲೆವಸ್ತ್ರ ಬಿಗಿಮಾಡಿಕೊಂಡು, ಟೀವಿಗೆ ಬೆನ್ನು ಹಾಕಿ, ನನ್ನ ಮನೆಯ ಗೋಡೆಗೆ ಮುಖ ಮಾಡಿ ಕುಳಿತಳು. ಸೊಂಟದ ಮೇಲೆ ಕೈಯಿಟ್ಟು ಹಾಡತೊಡಗಿದಳು. ಮೊದಲು ದನಿ ಒಡೆಯಿತು, ಆಮೇಲೆ ಕೂಡಿಕೊಂಡಿತು. *ಬಿಳಿ ಹಂಸದ ಹಿಂದೆ ಹೋದೆಯಾ ಅಪ್ಪಾ...*

ನಾನೂ ಪಕ್ಕದಲ್ಲಿ ಕುಳಿತು ದನಿಗೂಡಿಸಿದೆ. ಮುಕಾಶಣ್ಣ ಎದ್ದು, ಟೋಪಿ ಸರಿಮಾಡಿಕೊಂಡು, ಬಾಗಿಲ ಹೊರಗೆ ಹೋಗಿ ನಿಂತ. ಸಾವಿನ ಮನೆಯಲ್ಲಿ ಗಂಡಸರು ನಿಲ್ಲುವುದು ಅಲ್ಲೇ.