ಮೀಟರಿನಲ್ಲಿ ನಲವತ್ತೆರಡು ಸಾವಿರ

ನಾನು ಜರ್ಮನಿಯಲ್ಲಿ ಹುಟ್ಟಿದ ಒಂದು ಕಾರು. ನಾಲ್ಕು ಬಾಗಿಲು, ಕಡುನೀಲಿ ಮೈ, ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿ ಓಡುವ ಕಸುವು. ಇಷ್ಟು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯೇನಿದ್ದರೂ ಮುಂದಿನದಕ್ಕೆ.

ಬೆಂಗಳೂರಿನಲ್ಲಿ ನನ್ನ ಮೊದಲ ಯಜಮಾನ ಒಂಬತ್ತು ವರ್ಷ ಬಿಡುವಿಲ್ಲದೆ ಓಡಿಸಿದ. ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೆ ದಲ್ಲಾಳಿಗೆ ಮಾರಿದ. ದಲ್ಲಾಳಿ ಒಂದು ಮಧ್ಯಾಹ್ನ ಯಾರನ್ನೋ ಕರೆತಂದ. ಬಂದವನು ಸಣ್ಣ ಪೆಟ್ಟಿಗೆಯೊಂದನ್ನು ನನಗೆ ಜೋಡಿಸಿ, ಚಹಾ ಆರುವುದರೊಳಗೆ ಮೀಟರನ್ನು ನಲವತ್ತೆರಡು ಸಾವಿರಕ್ಕೆ ಇಳಿಸಿದ. ಮುದುಕಿಗೆ ಮದುಮಗಳ ಸೀರೆ ಉಡಿಸಿದಂತಾಯಿತು. ಅಂದಿನಿಂದ ಯಾರಾದರೂ ಮೀಟರಿನತ್ತ ಬಗ್ಗಿದರೆ ಸಾಕು, ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ.

ಆ ಸಂಖ್ಯೆಯನ್ನು ನಂಬಿ ಕೊಂಡವರು ದಾವಣಗೆರೆಯ ಹಾಲಸಿದ್ದಪ್ಪ, ಡ್ರೈವಿಂಗ್ ಶಾಲೆಯ ಮೇಷ್ಟ್ರು. ಇಪ್ಪತ್ತೇಳು ವರ್ಷ ಎಡಗಡೆಯ ಸೀಟಿನಲ್ಲಿ ಕೂತು ಅರ್ಧ ಊರಿಗೆ ಗಾಡಿ ಕಲಿಸಿದವರು. ಒಮ್ಮೆಯಾದರೂ ಬಲಗಡೆ ಕೂತು ಒಂದು ಒಳ್ಳೆಯ ಗಾಡಿಯನ್ನು ತಾವೇ ಓಡಿಸಬೇಕೆಂಬುದು ಅವರ ಆಸೆ. ಓಡಿಸಿದ್ದು ಅಷ್ಟರಲ್ಲೇ ಇತ್ತು ಬಿಡಿ. ಹೆದ್ದಾರಿಯಲ್ಲೂ ನಲವತ್ತು ದಾಟುತ್ತಿರಲಿಲ್ಲ. ತಿರುವು ಬಂದರೆ ಕಿಟಕಿಯಿಂದ ಕೈ ಹೊರಹಾಕಿ ಸಿಗ್ನಲ್ ತೋರಿಸುತ್ತಿದ್ದರು. ಟ್ರ್ಯಾಕ್ಟರುಗಳು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಆದರೂ ನನಗೆ ಆ ಮನುಷ್ಯ ಇಷ್ಟವಾದರು. ಶಿಷ್ಯರು ಸುತ್ತ ನೆರೆದರೆ, ಗಾಡಿ ಕಂಡ ಕೂಡಲೇ ಅದರ ಜಾತಕ ಹೇಳಬಲ್ಲೆ ಎಂದು ಮೀಸೆ ತಿರುವುತ್ತಿದ್ದರು.

ಐದು ತಿಂಗಳಿಗೆ ನನ್ನ ಗೇರ್‌ಬಾಕ್ಸ್ ಜಗ್ಗತೊಡಗಿತು. ಮೆಕ್ಯಾನಿಕ್ ರಫೀಕ್ ಸಾಬರು ಲ್ಯಾಪ್‌ಟಾಪ್ ಜೋಡಿಸಿ ನೋಡಿ, ನನ್ನ ನಿಜವಾದ ಓಟವನ್ನು ಮೆಲ್ಲಗೆ ಹೇಳಿದರು. ಮೇಷ್ಟ್ರ ಮುಖ ಸಪ್ಪಗಾಯಿತು. ಮೋಸ ಹೋದದ್ದನ್ನು ಅವರು ನುಂಗಿಕೊಳ್ಳುತ್ತಿದ್ದರೇನೋ. ಅದು ಶಿಷ್ಯರಿಗೆ ಗೊತ್ತಾಗುವುದನ್ನು ಮಾತ್ರ ತಾಳಲಾರದಾದರು. ಯಾರಿಗೂ ಹೇಳಬೇಡಿ ಎಂದು ರಫೀಕರ ಕೈ ಹಿಡಿದುಕೊಂಡರು. ಹೊರಗೆ ಮಾತ್ರ, ಬೆಣ್ಣೆಯ ಹಾಗೆ ಹೋಗುತ್ತದೆ ಎಂದೇ ಹೇಳುತ್ತಿದ್ದರು. ಹಾಗೂ ಹೀಗೂ ಸರಿಪಡಿಸಿ, ಮಾರಲು ನಿಂತರು.

ಕೊಳ್ಳಲು ಬಂದವಳು ಅವರದೇ ಶಿಷ್ಯೆ, ರೊಟ್ಟಿ ಅಂಗಡಿಯ ಕೊಟ್ರಮ್ಮ. ನಲವತ್ತು ದಾಟಿದ ಮೇಲೆ ಸ್ಟೀರಿಂಗ್ ಹಿಡಿಯಲು ಕಲಿತವಳು. ನನ್ನನ್ನು ಒಂದು ಸುತ್ತು ಓಡಿಸಿ ಇಳಿದು, ಬಾಗಿಲು ಹಿಡಿದು ಮತ್ತೊಮ್ಮೆ ಒಳಗೆ ಬಗ್ಗಿ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಸಾರ್, ಮೀಟ್ರು ಖರೆ ಐತಾ?"

"ಖರೆ ಐತವ್ವಾ," ಅಂದರು ಮೇಷ್ಟ್ರು.

ಆ ಕ್ಷಣ ಕಿರುಚಬೇಕೆನ್ನಿಸಿತು. ನನಗಿದ್ದದ್ದು ಒಂದು ಹಾರ್ನ್. ಅದನ್ನೂ ಬೇರೆಯವರೇ ಒತ್ತಬೇಕು. ಕೊಟ್ರಮ್ಮ ಗುರುಗಳ ಕಾಲು ಮುಟ್ಟಿ ನಮಸ್ಕರಿಸಿ, ಕೀ ತೆಗೆದುಕೊಂಡಳು.

ಎಂಟು ತಿಂಗಳಿಗೆ ಗೇರ್‌ಬಾಕ್ಸ್ ಪೂರ್ತಿ ಕೈಕೊಟ್ಟಿತು. ಅವಳ ಹಿತ್ತಲಿನಲ್ಲಿ ನಿಂತೆ. ನನ್ನ ಬಾನೆಟ್ಟಿನ ಮೇಲೆ ಜೋಳದ ಖಾಲಿ ಚೀಲಗಳು ಒಣಗತೊಡಗಿದವು. ಅವಳು ಜಗಳಕ್ಕೆ ಹೋಗಲಿಲ್ಲ. ಬದಲಿಗೆ ಒಂದು ದಿನ, ತಂಗಿಗೆ ಡ್ರೈವಿಂಗ್ ಕಲಿಸಬೇಕೆಂದು ಮೇಷ್ಟ್ರನ್ನೇ ಕರೆಸಿ, ಹಿತ್ತಲಿನಲ್ಲಿ ಕೂರಿಸಿ ಚಹಾ ಕೊಟ್ಟಳು. ಅವರು ನನ್ನನ್ನು ಕಂಡವರೇ ಚಹಾದ ಲೋಟ ಕೆಳಗಿಟ್ಟರು. ಮೀಟರ್ ಸುಳ್ಳೆಂದು ಮಾರುವಾಗಲೇ ತಮಗೆ ಗೊತ್ತಿತ್ತು ಎಂದು ತಲೆತಗ್ಗಿಸಿ ಒಪ್ಪಿಕೊಂಡರು.

ಕೊಟ್ರಮ್ಮ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

"ಬ್ರೇಕ್ ಪೆಡಲ್ ನೋಡೇ ನಂಗೆ ಅನುಮಾನ ಬಂದಿತ್ತು ಸಾರ್, ರಬ್ಬರ್ ಪೂರ್ತಿ ಸವೆದಿತ್ತು. ಮೀಟ್ರು ನೋಡಬ್ಯಾಡ, ಪೆಡಲ್ ನೋಡು ಅಂತ ನೀವೇ ಕಲಿಸಿದ್ರಿ. ಆದ್ರೆ ನೀವು ಖರೆ ಅಂದಮ್ಯಾಲೆ, ನಂಗೇ ಸರಿಯಾಗಿ ನೋಡಾಕೆ ಬರಲ್ಲ ಅನ್ಕೊಂಡೆ."

ನನ್ನನ್ನು ಕೊಂಡ ದಿನ ಮೇಷ್ಟ್ರು ನೋಡಿದ್ದು ನನ್ನ ಬಣ್ಣವನ್ನು. ಆ ಪೆಡಲನ್ನು ಬಗ್ಗಿ ನೋಡಿರಲಿಲ್ಲ.

ಈಗ ದಿನಾ ಬೆಳಿಗ್ಗೆ ತಂಗಿಗೆ ಕಲಿಸಲು ಬರುತ್ತಾರೆ. ಹಿತ್ತಲಿಗೆ ಕಾಲಿಡುವುದಿಲ್ಲ, ರಸ್ತೆಯಲ್ಲೇ ಕಾಯುತ್ತಾರೆ. ನನ್ನ ಬ್ಯಾಟರಿ ಸತ್ತು ಮೀಟರ್ ಕಪ್ಪಾಗಿದೆ. ಆ ಸುಳ್ಳು ಸಂಖ್ಯೆ ಇನ್ನು ಯಾರಿಗೂ ಕಾಣುವುದಿಲ್ಲ. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆದರೆ ಸರಿಯಾಗಿ ಕಲಿತಿದ್ದ ಒಬ್ಬ ಹೆಂಗಸು ತನ್ನ ಕಣ್ಣನ್ನೇ ನಂಬದೆ ಹೋದಳಲ್ಲ, ಅದರಲ್ಲಿ ನನ್ನ ಪಾಲೂ ಇದೆ.