ಹನ್ನೊಂದು ಒಂದುಗಳು

ಕಾರ್ತಿಕದ ಕೊಯ್ಲು ಅರ್ಧಕ್ಕೆ ನಿಂತಿತ್ತು. ಕೊಯ್ದ ಭತ್ತವನ್ನು ಗದ್ದೆಯಲ್ಲೇ ಬಿಟ್ಟು ಬಂದ ನೆರೆಮನೆಯ ಉಮೇಶ ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ. ಒಳಗೆ ರಾಮನಾಥನ ಶವವನ್ನು ಮೀಯಿಸುತ್ತಿದ್ದರು. ಬಾಳೆಗುಳಿಯಿಂದ ರಿಕ್ಷಾದಲ್ಲಿ ಬಂದ ಶಾಂತಾರಾಮ ಮಾಸ್ತರರು ಜಗಲಿಯ ತುದಿಗೆ ಕೂತರು.

“ಹಂಚು ಹೊದಿಸೂದಕ್ಕೆ ಇಂವನಂಥವ ಇನ್ನು ಸಿಗೂದಿಲ್ಲ,” ಎಂದ ಉಮೇಶ. “ಲೆಕ್ಕದ ಹುಚ್ಚೊಂದು ಬಿಟ್ರೆ. ಮಾಡಿನ ಮೇಲೆ ಕೂತ್ರೂ ಬಾಯಲ್ಲಿ ಭಾಗಾಕಾರ. ಹಚ್ಚಿದವ್ರು ನೀವೇ ಅಲ್ದಾ ಮಾಸ್ತರ್ರೇ?”



*

ನಲವತ್ತು ವರ್ಷದ ಹಿಂದೆ ರಾಮನಾಥ ಶಾಲೆಯ ಹಂಚು ಬದಲಿಸಲು ಬಂದಿದ್ದ. ಕೆಳಗೆ ಮಾಸ್ತರರು ಹಲಗೆಯ ಮೇಲೆ ಸಾಲಾಗಿ ಹನ್ನೊಂದು ಒಂದುಗಳನ್ನು ಬರೆದು, ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಇದನ್ನು ಬೇರೆ ಯಾವುದೂ ಶೇಷವಿಲ್ಲದೆ ಭಾಗಿಸುವುದಿಲ್ಲ ಎಂದರು.

“ಎಲ್ಲಾದ್ರಿಂದ್ಲೂ ಭಾಗಿಸಿ ನೋಡೀರಾ ಮಾಸ್ತರ್ರೇ?” ಮಾಡಿನ ಸಂದಿಯಿಂದ ದನಿ ಬಂತು.

ಮಕ್ಕಳು ನಕ್ಕರು. ಮಾಸ್ತರರು ನೋಡಿರಲಿಲ್ಲ, ಎಲ್ಲೋ ಕೇಳಿದ್ದರಷ್ಟೆ. “ನೀನೇ ನೋಡು ಮಾರಾಯಾ,” ಎಂದುಬಿಟ್ಟರು.

ಅಂದಿನಿಂದ ರಾಮನಾಥನದು, ಕೆಲಸ ಮುಗಿಸಿ ಬಂದು, ಮೂರರಿಂದ ಮೇಲಕ್ಕೆ ಸಾಲಾಗಿ ದಿನಕ್ಕೊಂದು ಸಂಖ್ಯೆಯಿಂದ ಒಂದು ಭಾಗಾಕಾರ. ಸಮಸಂಖ್ಯೆ ಬೇಡ, ಐದರಲ್ಲಿ ಮುಗಿಯುವುದೂ ಬೇಡ. ಪ್ರತಿ ದೀಪಾವಳಿಗೆ ಹೊಸ ಅವಲಕ್ಕಿ ತಂದುಕೊಟ್ಟು, “ಇನ್ನೂ ಸಿಕ್ಕಿಲ್ಲ. ನಿಮ್ಮ ಮಾತೇ ಖರೆ ಇರ್ಬೇಕು,” ಎನ್ನುತ್ತಿದ್ದ.

ಎಂಟು ವರ್ಷದ ಹಿಂದೆ ಮಾಸ್ತರರ ಮೊಮ್ಮಗ ಆಶಿಷ ಆ ಸಂಖ್ಯೆಯನ್ನು ಮೊಬೈಲಿಗೆ ಹಾಕಿ ಕ್ಷಣದಲ್ಲಿ ಉತ್ತರ ತೋರಿಸಿದ. ಇಪ್ಪತ್ತೊಂದು ಸಾವಿರದ ಆರುನೂರಾ ನಲವತ್ತೊಂಬತ್ತರಿಂದ ಅದು ಸರಿಯಾಗಿ ಭಾಗವಾಗುತ್ತಿತ್ತು. ಆ ದೀಪಾವಳಿಗೂ ರಾಮನಾಥ ಬಂದ. ಮಾಸ್ತರರು ಅವಲಕ್ಕಿ ತೆಗೆದುಕೊಂಡರು, ಏನೂ ಹೇಳಲಿಲ್ಲ.

*

ರಾಮನಾಥನ ಹೆಂಡತಿ ಗಂಗೂ, ಗಂಡ ಲೆಕ್ಕ ಬರೆದಿಟ್ಟ ಪಟ್ಟಿ ಪುಸ್ತಕಗಳ ಕಟ್ಟನ್ನು ತಂದು ಮಾಸ್ತರರ ಎದುರು ಇಟ್ಟಳು. “ಇವೂ ಅವ್ರ ಸಂಗಡ ಹೋಗ್ಲಿ. ಅದಕ್ಕೂ ಮೊದ್ಲು ನೀವೊಂದ್ಸಲ ನೋಡಿ.”

ಮಾಸ್ತರರು ಮೊಬೈಲು ತೋರಿಸಿದ್ದ ಸಂಖ್ಯೆಯ ಹಾಳೆಯನ್ನೇ ಹುಡುಕಿದರು. ಅಲ್ಲಿ ಹನ್ನೊಂದು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದಿತ್ತು. ಯಾವುದರ ಎದುರೂ ಲೆಕ್ಕವಿಲ್ಲ.

“ಇಲ್ಲಿ ಯಾಕೆ ಖಾಲಿ?”

“ಅತ್ತೆ ಸತ್ತ ಸೂತಕ. ಹನ್ನೊಂದು ದಿನ ಪಟ್ಟಿ ಮುಟ್ಟಲಿಲ್ಲ. ಆಮೇಲೆ ಅಂಕಿ ಮಾತ್ರ ಬರ್ದಿಟ್ರು. ಆ ದಿನದ ಅಂಕಿ ಆ ದಿನಕ್ಕೇ ಹೋಯ್ತು, ತಿರುಗಿ ಮಾಡೂದಲ್ಲ ಅಂದ್ರು.”

ಮಾಸ್ತರರ ಬೆರಳು ನಾಲ್ಕನೆಯ ಸಂಖ್ಯೆಯ ಮೇಲೆ ನಿಂತಿತು. “ಇದೇ ಗಂಗೂ. ಇದು ಭಾಗಿಸ್ತದೆ. ನಾನು ಹೇಳಿದ್ದು ತಪ್ಪಾಗಿತ್ತು.”

“ಯಾವಾಗ ಗೊತ್ತಾಯ್ತು ನಿಮ್ಗೆ?”

“ಎಂಟು ವರ್ಷ ಆಯ್ತು.”

“ಮೊನ್ನೆ ದೀಪಾವಳಿಗೆ ಜ್ವರ ಇಟ್ಕಂಡೇ ಬಂದಿದ್ರಲ್ಲ ನಿಮ್ಮನಿಗೆ,” ಎಂದಳು ಗಂಗೂ. ಪಟ್ಟಿಯನ್ನು ಅವರ ಕೈಯಿಂದ ತೆಗೆದುಕೊಂಡಳು. “ನನ್ಗೆ ಯಾಕೆ ಹೇಳ್ತ್ರಿ? ಅವ್ರಿಗೇ ಹೇಳಿ. ಇನ್ನೂ ಮುಖ ಮುಚ್ಚಲಿಲ್ಲ.”

ಮಾಸ್ತರರು ಒಳಗೆ ಹೋದರು. ಕಷ್ಟಪಟ್ಟು ಮೊಣಕಾಲೂರಿ, ಹತ್ತಿ ಇಟ್ಟಿದ್ದ ಕಿವಿಯ ಹತ್ತಿರ ಬಾಯಿ ತಂದು, ಆ ಐದು ಅಂಕಿಗಳನ್ನು ಒಂದೊಂದಾಗಿ ಹೇಳತೊಡಗಿದರು. ರಾಮನಾಮ ಹೇಳುತ್ತಿದ್ದಾರೆಂದು, ಸುತ್ತ ಕೂತ ಹೆಂಗಸರು ಅಳು ನಿಲ್ಲಿಸಿ ಕೈಮುಗಿದರು.