ಒಂದೇ ಹೊಟ್ಟೆಗೆ ಮೂರು ಬಕೆಟ್

ಮಾರ್ಚ್ ಹನ್ನೊಂದು, ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಹಾಲು ಕರೆಯಲು ಕೊಟ್ಟಿಗೆಗೆ ಬಂದ ಸೊಸೆ ಪಾತ್ರೆ ಕೆಳಗಿಟ್ಟು ಗಂಡನನ್ನು ಕೂಗಿದಳು. ಕರು ಹಾಕಿ ನಾಲ್ಕು ದಿನವಾಗಿದ್ದ ಕೆಂಚಿ ಮಲಗಿದಲ್ಲಿಂದ ಏಳಲಿಲ್ಲ. ಮೆಲುಕು ನಿಂತಿತ್ತು. ಸಗಣಿ ನೀರಾಗಿ ಹರಿದಿತ್ತು, ಹುಳಿ ನಾತ ಬೇರೆ. ಅದರಲ್ಲಿ ಅರಗದ ಜೋಳದ ಚೂರುಗಳು. ಹಸಿದ ಕರು ತಾಯಿಯ ಕೆಚ್ಚಲಿಗೆ ಮೂತಿ ಗುದ್ದುತ್ತಿತ್ತು. ಆ ಮನೆಗೆ ಇದ್ದದ್ದು ಇದೊಂದೇ ಹಸು.

ಗಂಡ ಪಶುವೈದ್ಯೆಯನ್ನು ಕರೆತರಲು ಓಡಿದ. ಅತ್ತೆಗೆ ಅಷ್ಟು ಗಾಬರಿಯಿರಲಿಲ್ಲ.

"ಹೆತ್ತ ಜೀವ, ಸುಸ್ತಾಗಿರುತ್ತೆ. ಒಂದು ಬಕೆಟ್ ಜೋಳದ ನುಚ್ಚು ಕಲಸಿಡು, ತಾನೇ ಎದ್ದು ನಿಲ್ತಾಳೆ."

ಸೊಸೆ ಕಲಸಿದ ಬಕೆಟ್ಟನ್ನು ಹಸುವಿನ ಮುಂದಿಡುವಷ್ಟರಲ್ಲಿ ವೈದ್ಯೆ ಬಂದರು. ಅದನ್ನು ಆಚೆ ಸರಿಸಿ, ಕೆಂಚಿಯ ಎಡಪಕ್ಕೆಗೆ ಮುಷ್ಟಿ ಒತ್ತಿ ಹೊಟ್ಟೆ ಅಲುಗಾಡುತ್ತಿದೆಯೇ ಎಂದು ನೋಡಿದರು. ಆಮೇಲೆ, ದಿನಕ್ಕೆ ಎಷ್ಟು ನುಚ್ಚು ಹಾಕುತ್ತೀರಿ ಎಂದು ಕೇಳಿದರು.

ಬೆಳಗ್ಗೆ ಒಂದು ಬಕೆಟ್, ಅಷ್ಟೇ ಎಂದಳು ಸೊಸೆ. ಗಂಡ ಗಂಟಲು ಸರಿಮಾಡಿಕೊಂಡ. ಹಾಲು ಹೆಚ್ಚಲಿ ಎಂದು ಮಧ್ಯಾಹ್ನ ಅವನೂ ಒಂದು ಬಕೆಟ್ ಇಡುತ್ತಿದ್ದನಂತೆ. ಅತ್ತೆ ಸೂರಿನ ಕಡೆ ನೋಡುತ್ತಾ ನಿಂತಿದ್ದರು.

"ಹೆತ್ತವಳಿಗೆ ಒಂದು ಬಕೆಟ್ ಎಲ್ಲಿ ಸಾಲುತ್ತೆ ಅಂತ ಸಂಜೆ ನಾನೂ ಇಡ್ತಿದ್ದೆ."

ಮೂವರೂ ಮುಖ ಮುಖ ನೋಡಿಕೊಂಡರು. ಕರು ಹಾಕುವ ಮೊದಲೋ, ಹಾಲು ಕೊಡದ ಹಸುವಿಗೆ ನುಚ್ಚೇಕೆ ಎಂದು ಎರಡು ತಿಂಗಳು ಬರೀ ಒಣಹುಲ್ಲು ಹಾಕಿದ್ದರು. ಒಮ್ಮೆಲೇ ಇಷ್ಟು ನುಚ್ಚು ತಿಂದು ಹೊಟ್ಟೆ ಹುಳಿಯಾಗಿದೆ, ಜೀವಕ್ಕೇ ಅಪಾಯ ಎಂದರು ವೈದ್ಯೆ.

"ಅಲ್ಲ ಡಾಕ್ಟರಮ್ಮ, ಹೊಟ್ಟೆ ತುಂಬಾ ತಿಂದಿದ್ದಕ್ಕೆ ಹಸು ಸಾಯುತ್ತಾ?" ಎಂದರು ಅತ್ತೆ.

"ಹುಲ್ಲು ಅರಗಿಸೋದು ಹಸು ಅಲ್ಲಮ್ಮ, ಅದರ ಹೊಟ್ಟೇಲಿರೋ ಕಣ್ಣಿಗೆ ಕಾಣದ ಜೀವಾಣುಗಳು. ಅವುಗಳ ಹೊಟ್ಟೆ ತುಂಬಿದ್ರೆ ಹಸುವಿನ ಹೊಟ್ಟೆ ತುಂಬುತ್ತೆ."

ಹುಲ್ಲಿಗೆ ಒಗ್ಗಿದ ಜೀವಾಣುಗಳ ಮೇಲೆ ಒಮ್ಮೆಲೇ ನುಚ್ಚು ಸುರಿದರೆ ಹುಳಿ ಮಾಡುವ ಜಾತಿಯವು ಮಿತಿಮೀರಿ ಬೆಳೆಯುತ್ತವೆ, ಹುಲ್ಲು ಅರಗಿಸುವವು ಸಾಯುತ್ತವೆ ಎಂದು ವೈದ್ಯೆ ವಿವರಿಸಿದರು. ಆಗ ಹಸು ಮೇವು ಬಿಡುತ್ತದೆ. ಹಾಲಿಗಾಗಿ ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತದೆ, ಆ ಭಾರಕ್ಕೆ ಲಿವರ್ ಸೋಲುತ್ತದೆ.

ಸಂಜೆಯೊಳಗೆ ಹೊಟ್ಟೆ ಅಲುಗಾಡದಿದ್ದರೆ ಹಸು ಉಳಿಯುವುದು ಕಷ್ಟ ಎಂದೂ ಹೇಳಿದರು. ನಳಿಕೆ ಇಳಿಸಿ ಹುಳಿನೀರು ತೆಗೆದರು, ಅಡುಗೆ ಸೋಡಾ ಕರಗಿಸಿದ ನೀರು ಬಿಟ್ಟರು, ಸೂಜಿಮದ್ದು ಕೊಟ್ಟರು. ಇನ್ನು ಸತ್ತ ಜೀವಾಣುಗಳ ಬದಲಿಗೆ ಹೊಸವನ್ನು ತುಂಬಲು ಆರೋಗ್ಯವಾಗಿರುವ ಹಸುವಿನ ಹೊಟ್ಟೆಯ ರಸ ಬೇಕಿತ್ತು. ಅಂಥ ಹಸು ಇದ್ದದ್ದು ಪಕ್ಕದ ಮನೆಯ ಟೈಲರ್ ಹತ್ತಿರ.

ಅತ್ತೆ ಅಡ್ಡ ನಿಂತರು. "ಅವರ ಹಸುವಿನ ಹೊಟ್ಟೇದು ನಮ್ಮ ಕೆಂಚಿಗಾ? ಬೇಡವೇ ಬೇಡ."

"ಮನೇಲಿ ಹೆಪ್ಪು ಕೆಟ್ಟರೆ ಏನು ಮಾಡ್ತೀರಮ್ಮ?"

"ಪಕ್ಕದ ಮನೆಯಿಂದ..." ಅತ್ತೆಯ ಮಾತು ಅಲ್ಲಿಗೇ ನಿಂತಿತು. ಅಡ್ಡ ನಿಂತವರು ಸರಿದು ದಾರಿ ಬಿಟ್ಟರು.

ಟೈಲರ್ ತನ್ನ ಹಸುವಿನ ಹಗ್ಗ ಹಿಡಿದು ನಿಂತ. "ನಮ್ಮ ಹಸು ಹಾಲು ಬಿಟ್ಟಾಗ ಒಂದು ಲೋಟ ಹಾಲು ಕೇಳಿದ್ರೆ ನೀರು ಬೆರೆಸಿ ಕೊಡ್ತಿದ್ರಿ ದೊಡ್ಡಮ್ಮ. ನಾನು ನೀರು ಬೆರೆಸಲ್ಲ, ತಗೊಳ್ಳಿ."

ವೈದ್ಯೆ ಅವನ ಹಸುವಿಗೂ ನಳಿಕೆ ಇಳಿಸಿದರು. ತೆಗೆದ ರಸವನ್ನು ಬಟ್ಟೆಯಲ್ಲಿ ಸೋಸಿ, ಬಿಸಿ ಆರುವ ಮೊದಲೇ ನಳಿಕೆಯಿಂದ ಕೆಂಚಿಯ ಹೊಟ್ಟೆಗೆ ಇಳಿಸಿದರು. ನೀವಾಗಿಯೇ ಬಾಟಲಿಯಲ್ಲಿ ಕುಡಿಸಲು ಹೋಗಬೇಡಿ, ಶ್ವಾಸಕೋಶಕ್ಕೆ ಹೋದರೆ ಹಸು ಕೈತಪ್ಪುತ್ತದೆ ಎಂದು ವೈದ್ಯೆ ಎಚ್ಚರಿಸಿದರು.

ಮಧ್ಯಾಹ್ನ ಕಳೆಯಿತು. ಒಲೆ ಹೊತ್ತಿಸುವುದು ಯಾರಿಗೂ ನೆನಪಾಗಲಿಲ್ಲ. ಬಿಸಿಲು ಗೋಡೆ ಏರುವ ಹೊತ್ತಿಗೆ ಕೆಂಚಿ ದೊಡ್ಡದಾಗಿ ತೇಗಿದಳು. ಸ್ವಲ್ಪ ಹೊತ್ತಿಗೆ ದವಡೆ ಒಮ್ಮೆ ಆಡಿತು, ನಿಂತಿತು, ಮತ್ತೆ ಆಡಿತು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತೆ ಒಂದು ಹಿಡಿ ಒಣಹುಲ್ಲು ತಂದು ಮುಂದಿಟ್ಟರು.

"ಇನ್ಮೇಲೆ ನುಚ್ಚು ನೀನೊಬ್ಬಳೇ ಅಳೆದು ಹಾಕಮ್ಮ. ನಾನು ಬಕೆಟ್ ಮುಟ್ಟಿದ್ರೆ ಬೈದುಬಿಡು."

ಓದುಗರೇ, ನಿಮ್ಮ ಕೊಟ್ಟಿಗೆಯಲ್ಲೂ ಗಬ್ಬದ ಹಸು ಇರಬಹುದು. ಕರು ಹಾಕಲು ಮೂರು ವಾರ ಇರುವಾಗಲೇ ನುಚ್ಚನ್ನು ಹಿಡಿಯಷ್ಟರಿಂದ ಆರಂಭಿಸಿ, ಹೊಟ್ಟೆಯ ಜೀವಾಣುಗಳು ಒಗ್ಗಿಕೊಳ್ಳಲಿ. ಒಣಹುಲ್ಲನ್ನು ಯಾವತ್ತೂ ನಿಲ್ಲಿಸಬೇಡಿ. ನುಚ್ಚು ಹಾಕುವ ಕೈ ಒಂದೇ ಇರಲಿ. ಹಸು ಮೇವು ಬಿಟ್ಟರೆ ಅಥವಾ ಮೆಲುಕು ನಿಲ್ಲಿಸಿದರೆ ನಾಳೆಗೆಂದು ಕಾಯದೆ ಪಶುವೈದ್ಯರನ್ನು ಕರೆಯಿರಿ. ಕರು ಹಾಕಿದ ಮೇಲೆ ನುಚ್ಚನ್ನು ಹೆಚ್ಚಿಸಬೇಕಾದದ್ದು ದಿನಕ್ಕೆ ಕಾಲು ಕೆ.ಜಿ.ಯಷ್ಟು ಮಾತ್ರ, ಅದಕ್ಕಿಂತ ಹೆಚ್ಚು ಬೇಡ.